ಹಳೇ ಎಫ್ 310 ಐತೆ, ಮುಂದಿನ ಗಿಟಾರ್ ಯಾವುದು ತಗೊಳ್ಳಲಿ? ಬಜೆಟ್ 30 ಸಾವಿರ

ಕೌಲ್‌ಬಜಾರ್ ತಂತಿ:

ಎಲ್ರಿಗೂ ನಮಸ್ಕಾರ. ಬಳ್ಳಾರಿ ಕೌಲ್‌ಬಜಾರ್‌ನವನು ನಾನು. 2016ರಲ್ಲಿ ಯಮಹಾ ಎಫ್ 310 ತಗೊಂಡಿದ್ದೆ, ಅವತ್ತಿಂದ ಇವತ್ತಿನವರೆಗೂ ಅದೊಂದೇ ನನ್ ಗಿಟಾರ್. ಕಾರ್ಡ್ಸ್ ಎಲ್ಲಾ ಬರ್ತಾವೆ, ಒಂದೇ ಬೆರಳಲ್ಲಿ ತಂತಿ ಅಷ್ಟೂ ಒತ್ತೋ ಬ್ಯಾರೆ ಕಾರ್ಡೂ ಕ್ಲೀನಾಗಿ ಕೂರುತ್ತೆ, ಎರಡು ವರ್ಷದಿಂದ ಫಿಂಗರ್‌ಪಿಕಿಂಗ್ ಮಾಡ್ತಿದೀನಿ. ಈಗ ಇನ್ನೊಂದು ತಗೋಬೇಕು ಅಂತ ತಿಂಗಳಾ ತಿಂಗಳಾ ಎತ್ತಿಟ್ಟು 30 ಸಾವಿರ ಮಾಡಿದೀನಿ, ಆಂಪು ಕೇಬಲ್ಲು ಬ್ಯಾಗು ಎಲ್ಲಾ ಅದ್ರಲ್ಲೇ ಮುಗೀಬೇಕು.

ನಾನು ಎಲ್ಲಿ ನುಡಿಸ್ತೀನಿ ಅಂತ ಮೊದಲೇ ಹೇಳಿಬಿಡ್ತೀನಿ. ಪ್ರತಿ ಸೋಮವಾರ ಸಂಜೆ ನಮ್ಮ ಓಣಿ ಗುಡಿಯಲ್ಲಿ ಭಜನೆ ಇರುತ್ತೆ, ಹಾರ್ಮೋನಿಯಂ, ತಬಲಾ, ನಾಲ್ಕೈದು ಜೊತೆ ತಾಳ, ಹತ್ತು ಹನ್ನೆರಡು ಮಂದಿ. ವಚನ, ದಾಸರ ಪದ, ತತ್ವಪದ. ನಮ್ಮ ಮಾವ ಹಾರ್ಮೋನಿಯಂ ಹಿಡೀತಾರೆ, ಅವರ ಶ್ರುತಿ ಕರಿ ಒಂದು, ಅಂದ್ರೆ ಸಿ ಶಾರ್ಪ್, ನಾನು ನೆಕ್ ಮೇಲಿನ ಮೊದಲನೇ ಲೋಹದ ಪಟ್ಟಿ, ಅಂದ್ರೆ ಮೊದಲನೇ ಫ್ರೆಟ್‌ಗೆ, ತಂತಿ ಎಲ್ಲಾ ಒತ್ತಿ ಹಿಡಿಯೋ ಕ್ಯಾಪೊ ಕ್ಲಿಪ್ ಹಾಕ್ಕೊಂಡು ಸಿ ಶೇಪಲ್ಲಿ ಜೊತೆ ಹೋಗ್ತೀನಿ. ತಾಳ ಶುರು ಆಯ್ತಂದ್ರೆ ನನ್ ಗಿಟಾರ್ ನನಗೇ ಕೇಳ್ಸಲ್ಲ. ಇನ್ನೊಂದು, ಅದೇ ನನಗೆ ಜಾಸ್ತಿ ಸಂಕಟ, ಹಾಡೋರು ಗ ಇಂದ ಮ ಗೆ ಹೋಗುವಾಗ ಜಾರಿಕೊಂಡು ಹೋಗ್ತಾರೆ ನೋಡಿ, ಆ ಜಾರಿನಲ್ಲೇ ಪದದ ಜೀವ ಇರೋದು, ನನ್ ಗಿಟಾರ್ ಅಲ್ಲಿ ಮೆಟ್ಟಿಲು ಹತ್ತಿದಂಗೆ ಟಕ್ ಟಕ್ ಅಂತ ಹೋಗುತ್ತೆ. ಮಾವ ಏನೂ ಅನ್ನಲ್ಲ, ಆದ್ರೆ ಆಲಾಪ ಬಂದಾಗ ನಾನೇ ಕೈ ಬಿಟ್ಟು ಕೂತುಬಿಡ್ತೀನಿ.

ತಲೇಲಿ ಇರೋದು ಮೂರು. ಎಲೆಕ್ಟ್ರಿಕ್ ತಗೊಳ್ಳೋದು, ತಂತಿ ದನಿ ಹಿಡಿದು ಸ್ಪೀಕರ್‌ಗೆ ಕಳ್ಸೋ ಪಿಕಪ್ ಇರೋ ಅಕೌಸ್ಟಿಕ್ ತಗೊಳ್ಳೋದು, ಇಲ್ಲಾ ನೈಲಾನ್ ತಂತಿ ಕ್ಲಾಸಿಕಲ್ ತಗೊಳ್ಳೋದು. ಇನ್ನೊಂದು ಮಾತು, ಈ ಬೇಸಿಗೆಯಿಂದ ಹಳೇದ್ರಲ್ಲಿ ಎರಡನೇ ಮೂರನೇ ಫ್ರೆಟ್ ಹತ್ರ ತಂತಿ ಝರ್ ಅನ್ನುತ್ತೆ, ನೆಕ್ ಪಕ್ಕ ಕೈ ಸವರಿದ್ರೆ ಫ್ರೆಟ್ ತುದಿ ಚುಚ್ಚುತ್ತೆ. ಅದರ ಕಾಲ ಮುಗೀತಾ? ತಿಳಿದೋರು ಹೇಳಿ.

ಸಿರುಗುಪ್ಪ ಸ್ಟ್ರಾಟ್:

ಅಣ್ಣಾ, ಕಣ್ಮುಚ್ಕೊಂಡು ಎಲೆಕ್ಟ್ರಿಕ್ ತಗೋ. ನಂಬರ್ ಕಮ್ಮಿ ಆದಷ್ಟೂ ತಂತಿ ಸಣ್ಣ, ಒಂಬತ್ತನೇ ನಂಬರ್ ತಂತಿ ಹಾಕಿದ್ರೆ ಬೆರಳಲ್ಲಿ ಎಳೆದಾಗ ಪೂರ್ತಿ ಒಂದು ಸ್ವರ ಮೇಲೆ ಹೋಗುತ್ತೆ, ಸ್ವಲ್ಪ ರೂಢಿ ಆದ್ರೆ ಒಂದೂವರೆನೂ ಹೋಗುತ್ತೆ, ಸಿತಾರ್‌ನೋರು ಮಾಡೋದೂ ಎಳೆಯೋದೇ ಅಲ್ವಾ. ಮ್ಯಾಂಡೊಲಿನ್ ಶ್ರೀನಿವಾಸ್ ಅವರು ಎಲೆಕ್ಟ್ರಿಕ್ ಮ್ಯಾಂಡೊಲಿನ್‌ನಲ್ಲಿ ಐದು ತಂತಿ ಇಟ್ಕೊಂಡು ಕರ್ನಾಟಕ ಸಂಗೀತದ ಗಮಕ ಅಷ್ಟೂ ತೆಗೆದ್ರು, ಅದಕ್ಕೂ ಫ್ರೆಟ್ ಇತ್ತು. ಹಾಗಾಗಿ ಫ್ರೆಟ್ ಇದೆ ಅಂತ ಹೆದರ್ಕೋಬೇಡ.

ನನ್ನ ಹತ್ರ ಇರೋದು ಯಮಹಾ ಪೆಸಿಫಿಕಾ 112ವಿ. ಅದಕ್ಕೆ ಪಿಕಪ್ ಮೂರು, ಮೈ ಮೇಲೆ ತಂತಿ ಕೂರೋ ಬ್ರಿಜ್ ಕಡೆ ಎರಡು ಸುರುಳಿಯ ಹಂಬಕರ್, ಮಿಕ್ಕಿದ್ದೆರಡು ಒಂದೇ ಸುರುಳಿಯ ಸಿಂಗಲ್ ಕಾಯಿಲ್, ಟೋನ್ ಗುಂಡಿ ಮೇಲಕ್ಕೆ ಎಳೆದ್ರೆ ಹಂಬಕರೂ ಸಿಂಗಲ್ ತರ ಆಗುತ್ತೆ. 012 ಅಂತ ಅದರ ತಮ್ಮ ಇದೆ, ಅದ್ರಲ್ಲಿ ಈ ಎಳೆಯೋ ಗುಂಡಿ ಇಲ್ಲ, ದುಡ್ಡು ಇದ್ರೆ 112ಕ್ಕೇ ಹೋಗು.

ಒಂದು ವಿಷಯ ಮಾತ್ರ ನನ್ನ ಅನುಭವದಿಂದ ಹೇಳ್ತೀನಿ. ಮೊದಲು ನಾನಿದ್ದ ಬಾಡಿಗೆ ಮನೇಲಿ ಅರ್ತಿಂಗ್ ಇರ್ಲಿಲ್ಲ. ಆಂಪ್ ಹಾಕಿದ ಕೂಡ್ಲೇ ಗುಂಯ್ ಅನ್ನೋದು, ತಂತಿ ಮುಟ್ಟಿದ್ರೆ ಕಮ್ಮಿ ಆಗೋದು, ನಾನು ಗಿಟಾರ್ ಕೆಟ್ಟಿದೆ ಅಂತ ತಿಂಗಳುಗಟ್ಲೆ ಒದ್ದಾಡ್ದೆ. ಒಂದಿನ ಎಡಗೈ ತಂತಿ ಮೇಲೆ ಇತ್ತು, ತುಟಿ ಮೈಕಿಗೆ ತಗುಲ್ತು, ಜುಂ ಅಂತ ಹೊಡೀತು, ಕೈ ಅರ್ಧ ಗಂಟೆ ನಡುಗ್ತಾ ಇತ್ತು. ಆಮೇಲೆ ಎಲೆಕ್ಟ್ರಿಷಿಯನ್ ಕರೆಸಿ ಅರ್ತ್ ಹಾಕಿಸಿದ ಮೇಲೆ ಆ ಜುಂ ಪೂರ್ತಿ ಹೋಯ್ತು, ಗುಂಯ್ ಅನ್ನೋದೂ ಬಹಳ ಇಳೀತು. ಸಿಂಗಲ್ ಕಾಯಿಲ್‌ಗೆ ಒಂಚೂರು ಗುಂಯ್ ಇದ್ದೇ ಇರುತ್ತೆ, ಅದನ್ನ ಹಂಬಕರ್ ಕಳೆಯುತ್ತೆ, ಎರಡು ಸುರುಳಿ ಒಂದಕ್ಕೊಂದು ಉಲ್ಟಾ ಕೂರಿಸಿರ್ತಾರಲ್ಲ ಅದಕ್ಕೆ. ಗುಡಿಯಲ್ಲಿ ನುಡಿಸೋದಾದ್ರೆ ಅಲ್ಲಿನ ಪ್ಲಗ್‌ಗೆ ಅರ್ತ್ ಐತಾ ಅಂತ ಮೊದಲು ನೋಡಿಸು, ಇದು ಮಾತ್ರ ಮರೀಬೇಡ.

ರಾಯಚೂರು ಕಾಯರ್ ಅಕ್ಕ:

ನಾನು ಚರ್ಚ್‌ನ್ಯಾಗ 11 ವರ್ಷದಿಂದ ಕಾಯರ್‌ಗೆ ನುಡಸ್ತೀನ್ರಿ, ಅದಕ್ಕ ನಿಮ್ಮ ಮೊದಲ್ನೇ ತ್ರಾಸ ನನಗ ಚೊಲೋ ಗೊತ್ತದ. ಭಜನಿಗೆ ಎಲೆಕ್ಟ್ರಿಕ್ ಒಯ್ದ್ರ ಆಂಪ್ ಹೊರಬೇಕು, ಕರೆಂಟ್ ಹೋತಂದ್ರ ಗಿಟಾರ್ ಸುಮ್ನ ಕಟ್ಟಿಗಿ. ಪಿಕಪ್ ಇರೋ ಅಕೌಸ್ಟಿಕ್ ಇದ್ರ ಕರೆಂಟ್ ಹೋದ್ರೂ ಪದ ನಿಲ್ಲಂಗಿಲ್ಲ. ಹೋದ ಏಪ್ರಿಲ್‌ನ್ಯಾಗ ಗುಡ್ ಫ್ರೈಡೇ ದಿನ ಮಧ್ಯಾಹ್ನ ಹಿಂಗ ಆತು, ಫ್ಯಾನ್ ನಿಂತ್ವು, ಮೈಕ್ ನಿಂತು, ಎಲ್ಲಾರೂ ಒಂದು ಕ್ಷಣ ಸುಮ್ನಾದ್ರು, ನಾನು ಕೇಬಲ್ ಕಿತ್ತು ಮುಂದಿನ ಬೆಂಚಿನ ಹಂತ್ಯಾಕ ಹೋಗಿ ನಿಂತು ಜೋರಾಗಿ ಸ್ಟ್ರಮ್ ಮಾಡಿದೆ, ಹುಡುಗ್ರು ಅದರ ಮ್ಯಾಲೆ ಹಾಡಿದ್ರು. ಆ ದಿನ ಹಾಡಿದಂಗ ಅವರು ಯಾವತ್ತೂ ಹಾಡಿಲ್ಲ.

ನೀವು ಯಮಹಾಕ್ಕ ರೂಢಿ ಆಗೀರಿ ಅಂದ್ರ ಎಫ್‌ಜಿಎಕ್ಸ್ 800ಸಿ, ಎಫ್‌ಎಸ್‌ಎಕ್ಸ್ 800ಸಿ ಎರಡೂ ಕೈಯಾಗ ಹಿಡಿದು ನೋಡ್ರಿ. ಎರಡಕ್ಕೂ ಮ್ಯಾಲಿನ ಹಲಿಗಿ ಸಾಲಿಡ್ ಸ್ಪ್ರೂಸ್. ನಿಮ್ಮ 310ಕ್ಕ ಅದು ಪ್ಲೈ, ಪದರ ಪದರ ಅಂಟಿಸಿದ್ದು. ಸಾಲಿಡ್‌ದು ದನಿ ತುಂಬಿ ಬರ್ತದ, ನುಡಸ್ತಾ ನುಡಸ್ತಾ ಇನ್ನೂ ಬಿಚ್ಚಿಕೊಳ್ತದ. ನಾನು ಎಫ್‌ಎಸ್‌ಎಕ್ಸ್ ಅಂತೀನಿ, ಯಾಕಂದ್ರ ಮೈ ಸಣ್ಣದು, ನೆಲದ ಮ್ಯಾಲೆ ಚಕ್ಕಳಮಕ್ಕಳ ಹಾಕಿ ಕೂತ್ರ ಬಗಲಾಗ ಸರಿ ಕೂಡ್ತದ, ಮತ್ತ ಸ್ಪೀಕರ್ ಹತ್ರ ಕೂತಾಗ ದೊಡ್ಡ ಮೈಯ ಗಿಟಾರ್ ಊಂ ಅಂತ ಕೂಗ್ತದಲ್ಲ, ಅದು ಇದ್ರಾಗ ಕಡಿಮಿ. ಆದ್ರೂ ಕೂಗಿದ್ರ ಸೌಂಡ್‌ಹೋಲ್‌ಗೆ ರಬ್ಬರ್ ಮುಚ್ಚಳ ಸಿಗ್ತದ, ಹಾಕ್ರಿ, ಸ್ಪೀಕರ್ ನಿಮ್ಮ ಮುಂದ ಇರ್ಲಿ, ಬೆನ್ನಿಗೆ ಬ್ಯಾಡ. ಬ್ಯಾಟರಿ ಒಂದು ಎಕ್ಸ್‌ಟ್ರಾ ಚೀಲದಾಗ ಇಟ್ಕೊಂಡಿರ್ರಿ, ನುಡಿಸೋದು ಮುಗಿದ ಕೂಡ್ಲೇ ಕೇಬಲ್ ಕೀಳ್ರಿ, ಕೇಬಲ್ ಚುಚ್ಚಿದ್ದು ಚುಚ್ಚಿದಂಗ ಬಿಟ್ರ ಬ್ಯಾಟರಿ ಸುಮ್‌ಸುಮ್ನ ಇಳೀತದ.

ಗಂಗಾವತಿ ನೈಲಾನ್:

ಹಳೇದರ ಕಾಲ ಮುಗೀತಾ ಅಂತ ಕೇಳೀರಲ್ಲ, ಮುಗಿದಿಲ್ಲ ಸರ್, ಅದಕ್ಕ ನೀರಡಿಕಿ ಆಗೈತಿ ಅಷ್ಟ. ನಮ್ಮ ಕಡೆ ಬ್ಯಾಸಿಗಿ ಅಂದ್ರ 40 ಡಿಗ್ರಿ ಮ್ಯಾಲೆ, ಗಾಳಿ ಒಣಾ ಒಣಾ. ಕಟ್ಟಿಗಿ ಒಣಗಿ ಕುಗ್ಗತೈತಿ, ಫ್ರೆಟ್ ತಂತಿ ಲೋಹ, ಅದು ಕುಗ್ಗಂಗಿಲ್ಲ, ಅದಕ್ಕ ತುದಿ ಹೊರಗ ಬಂದು ಚುಚ್ಚತೈತಿ. ಮುಂದಿನ ಹಲಿಗಿನೂ ಸ್ವಲ್ಪ ಕೆಳಗ ಕೂಡತೈತಿ, ನೆಕ್ ಹಿಂದಕ್ಕ ಸರೀತೈತಿ, ತಂತಿ ಫ್ರೆಟ್‌ಗೆ ತಾಗಿ ಝರ್ ಅಂತೈತಿ. ಗಿಟಾರಿಗೆ ಹಿತ ಅನ್ಸೋದು 45ರಿಂದ 55 ಪರ್ಸೆಂಟ್ ತೇವ. ಸಣ್ಣ ಡಿಜಿಟಲ್ ಹೈಗ್ರೋಮೀಟರ್ ತಗೊಂಡು ಚೀಲದಾಗ ಹಾಕಿ ನೋಡ್ರಿ, ಮೇ ತಿಂಗಳಾಗ ಎಷ್ಟು ತೋರಿಸ್ತೈತಿ ಅಂತ ನೋಡಿದ್ರ ನಿಮಗ ತಿಳೀತೈತಿ. ಸೋಪಿನ ಡಬ್ಬಿಗೆ ಏಳೆಂಟು ತೂತು ಹಾಕಿ, ಸ್ಪಂಜ್ ಒದ್ದಿ ಮಾಡಿ ಚೊಲೋತ್ನಾಗ ಹಿಂಡಿ, ಹನಿ ಬೀಳಬಾರ್ದು, ಒಳಗಿಟ್ಟು ಚೀಲದಾಗ ಹಾಕ್ರಿ, ವಾರದಾಗ ಎರಡು ಸಲ ನೋಡ್ರಿ ಸಾಕು.

ನಾನು ಇದನ್ನ ಕಲ್ತಿದ್ದು ಗಿಟಾರ್ ಕಳ್ಕೊಂಡು. ಒಂದು ಚೊಲೋ ಕ್ಲಾಸಿಕಲ್ ಇತ್ತು, ಸಾಲಿಡ್ ಟಾಪ್, ರಾತ್ರಿ ಕೂಲರ್ ಮುಂದನ ಗೋಡಿಗೆ ತೂಗು ಹಾಕ್ತಿದ್ದೆ. ರಾತ್ರಿ ಎಲ್ಲಾ ಕೂಲರ್ ಒದ್ದಿ ಗಾಳಿ, ಹಗಲೆಲ್ಲಾ ಕಿಡಕಿ ತಗದು ಒಣ ಗಾಳಿ. ಮೇ ತಿಂಗಳು ಒಂದಿನ ಮಧ್ಯಾಹ್ನ ಉಂಡು ಅಡ್ಡಾಗಿದ್ದೆ, ಟಪ್ಪ್ ಅಂತ ಸಪ್ಪಳ ಆತು, ಹಲ್ಲಿ ಬಿತ್ತೇನೋ ಅನ್ಕೊಂಡೆ. ಸಂಜಿಗೆ ಕೈಯಾಗ ತಗೊಂಡ್ರ ಬ್ರಿಜ್ ಕೆಳಗಿಂದ ಅಂಚಿನ ತನಕ ಕೂದಲೆಳಿ ಹಂಗ ಬಿರುಕು, ಉಗುರು ಹಾಕಿದ್ರ ಸಿಕ್ಕೊಳ್ತಿತ್ತು. ಅದಕ್ಕ ಅಕ್ಕಾ ಹೇಳಿದ ಸಾಲಿಡ್ ಟಾಪ್ ತಗೊಂಡ್ರ ಈ ಕಾಳಜಿನೂ ಅದರ ಜೋಡಿ ತಗೋಬೇಕು. ಪ್ಲೈ ಆದ್ರ ಇಷ್ಟು ಸೂಕ್ಷ್ಮ ಅಲ್ಲ, ನಿಮ್ಮ 310 ಇಷ್ಟು ವರ್ಷ ತಡದದ್ದು ಅದಕ್ಕನ.

ನೈಲಾನ್ ಬಗ್ಗೆ ಹೇಳಬೇಕಂದ್ರ, ನನಗ ಅದು ಪ್ರಾಣ, ಆದ್ರ ನಿಮಗ ಬ್ಯಾಡ. ನಟ್ ಅಂದ್ರ ನೆಕ್ ತಲಿ ಹತ್ರ ತಂತಿ ಕೂಡೋ ಪಟ್ಟಿ, ಕ್ಲಾಸಿಕಲ್‌ಗೆ ಅದರ ಅಗಲ 52 ಮಿಲಿಮೀಟರ್, ನಿಮ್ಮದು 43, ಬೆರಳು ಹೊಸದಾಗಿ ಕಲೀಬೇಕು, ಅದು ಬಿಡ್ರಿ ಆಗತೈತಿ. ತಂತಿ ಎಳೆತ ಸ್ಟೀಲ್‌ದು ಆರೂ ಸೇರಿ 70 ಕೆಜಿ ಮ್ಯಾಲೆ, ನೈಲಾನ್‌ದು ಸುಮಾರು ಅದರ ಅರ್ಧ, ದನಿ ಮೆತ್ತಗ, ತಾಳದ ಮುಂದ ಏನೂ ಕೇಳಂಗಿಲ್ಲ. ಜಾರೂ ಇದ್ರಾಗ ನಿಲ್ಲಂಗಿಲ್ಲ, ನೈಲಾನ್ ದನಿ ಬೇಗ ಆರತೈತಿ. ಹಾಂ, ಯಾರಾದ್ರೂ ನೈಲಾನ್ ಗಿಟಾರಿಗೆ ಸ್ಟೀಲ್ ತಂತಿ ಹಾಕಿ ನೋಡ್ರಿ ಅಂದ್ರ ಕೇಳಬ್ಯಾಡ್ರಿ, ಬ್ರಿಜ್ ಕಿತ್ತು ಬರತೈತಿ.

ಕೌಲ್‌ಬಜಾರ್ ತಂತಿ:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಗಂಗಾವತಿ ಸರ್, ನಮ್ಮನೇಲೂ ಕೂಲರ್ ಎದುರುಗಡೇನೇ ಸ್ಟ್ಯಾಂಡ್ ಇತ್ತು, ನಿಮ್ಮ ಮೆಸೇಜ್ ಓದ್ತಿದ್ದಂಗೆ ಎದ್ದು ಹೋಗಿ ಬೇರೆ ರೂಮಿಗೆ ಇಟ್ಟು ಬಂದೆ. ಅಕ್ಕಾ, ಕರೆಂಟ್ ವಿಷಯ ನನಗೆ ಹೊಳೆದೇ ಇರ್ಲಿಲ್ಲ, ಹಾಗಾಗಿ ಕೇಳ್ಸೋ ವಿಚಾರ ಹೆಚ್ಚು ಕಮ್ಮಿ ಬಗೆಹರೀತು. ಆದ್ರೆ ಆ ಜಾರು? ಅಕೌಸ್ಟಿಕ್ 12ನೇ ನಂಬರ್ ತಂತಿ ಎಳೆದ್ರೆ ಬೆರಳು ಕಿತ್ತು ಬರುತ್ತೆ, ಅರ್ಧ ಸ್ವರದ ಮೇಲೆ ಹೋಗೋದೇ ಕಷ್ಟ.

ಕೊಪ್ಪಳ ಜಾರುಬೆರಳು:

ತಮ್ಮಾ, ನಿನ್ನ ಪ್ರಶ್ನೆ ಓದಿದ ಕೂಡ್ಲೇ ಬರೀಬೇಕು ಅನ್ಕೊಂಡಿದ್ದೆ, ಡ್ಯೂಟಿ ಮುಗಿಸಿ ಈಗ ಕುಂತೀನಿ. ಎಲ್ಲಾರೂ ಕೊಳ್ಳೋದರ ಬಗ್ಗೆ ಹೇಳ್ಯಾರ, ತಪ್ಪೇನಿಲ್ಲ, ಆದ್ರ ನಿನಗ ಬೇಕಾದ ಜಾರು ನಿನ್ನ ಮನ್ಯಾಗ ಈಗಾಗ್ಲೇ ಇರೋ ಗಿಟಾರ್‌ನ್ಯಾಗ ಐತಿ. ಅದನ್ನ ಮಲಗಿಸಿ ತೊಡಿ ಮ್ಯಾಲೆ ಇಟ್ಕೊ.

ಬೆರಳಿಂದ ಒತ್ತೋ ಬದ್ಲಿ ತಂತಿ ಮ್ಯಾಲೆ ಲೋಹದ ಬಾರ್ ಜಾರಿಸಿ ನುಡಿಸೋ ಸ್ಲೈಡ್ ಗಿಟಾರ್ ಬಗ್ಗೆ ಹೇಳಾಕತ್ತೀನಿ. ಹಿಂದೂಸ್ತಾನಿಯೊಳಗ ಬ್ರಿಜ್ ಭೂಷಣ್ ಕಾಬ್ರಾ ಅವರು ಇದನ್ನ ತಂದು ಕೂರಿಸಿದ್ರು, ವಿಶ್ವ ಮೋಹನ್ ಭಟ್ ಅವರು ಅದಕ್ಕ ಲಯಕ್ಕ ಮೀಟೋ ಚಿಕಾರಿ, ತಾನಾಗೇ ಮಿಡಿಯೋ ತರಫ್ ತಂತಿ ಸೇರಿಸಿ ಮೋಹನ ವೀಣಾ ಮಾಡಿದ್ರು, 1994ರಾಗ ಅಮೆರಿಕದ ಗಿಟಾರಿಸ್ಟ್ ರೈ ಕೂಡರ್ ಜೋಡಿ ಗ್ರ್ಯಾಮಿ ಪ್ರಶಸ್ತಿನೂ ಬಂತು. ನಿನಗ ಮೋಹನ ವೀಣಾ ಬ್ಯಾಡ ಈಗ, ಅದು ಬಜೆಟ್‌ಗೂ ದೂರ, ಕಲಿಯಾಕೂ ದೂರ. ನಟ್ ಎಕ್ಸ್‌ಟೆಂಡರ್ ಅಂತ ಒಂದು ಸಣ್ಣ ಲೋಹದ ತುಂಡು ಬರತೈತಿ, ಆನ್‌ಲೈನ್‌ನ್ಯಾಗ ಸಿಗತೈತಿ, ನಟ್ ಮ್ಯಾಲೆ ಕೂರಿಸಿದ್ರ ಆತು, ತಂತಿ ಫ್ರೆಟ್‌ನಿಂದ ಮ್ಯಾಲೆ ಎದ್ದು ನಿಲ್ತಾವ. ಒಂದು ಸ್ಟೀಲ್ ಬಾರ್, ಹೆಬ್ಬೆರಳಿಗೆ ಎರಡು ಬೆರಳಿಗೆ ಪಿಕ್. ಇಷ್ಟ ಖರ್ಚು. ಗಿಟಾರಿಗೆ ಒಂದು ಮೊಳೆನೂ ಹೊಡಿಯಂಗಿಲ್ಲ, ಬ್ಯಾಡ ಅನ್ನಿಸಿದ್ರ ತಗದಿಟ್ಟು ಮೊದಲಿನಂಗ ನುಡಸು. ಮತ್ತ ತಂತಿ ಫ್ರೆಟ್‌ಗೆ ತಾಗಂಗನ ಇಲ್ಲ ಅಂದ ಮ್ಯಾಲೆ ನಿನ್ನ ಝರ್ ಎಲ್ಲಿಂದ ಬರ್ತೈತಿ?

ಟ್ಯೂನಿಂಗ್ ದಪ್ಪ ತಂತಿಯಿಂದ ಹಿಡಿದು ಸ ಪ ಸ ಗ ಪ ಸ ಮಾಡ್ಕೊ, ಅಂದ್ರ ಡಿ ಎ ಡಿ ಎಫ್‌ಶಾರ್ಪ್ ಎ ಡಿ. ನೋಡು, ಇದ್ರಾಗ ಒಂದು ತಂತಿನೂ ಏರಿಸಂಗಿಲ್ಲ, ಇಳಿಸೋದು ಇಲ್ಲಾ ಇದ್ದಂಗ ಬಿಡೋದು, ಹಂಗಾಗಿ ಹಳೇ ಗಿಟಾರಿಗೆ ಭಾರ ಬೀಳಂಗಿಲ್ಲ. ನಿಮ್ಮ ಮಾವಂದು ಕರಿ ಒಂದು ಅಂದಿಯಲ್ಲ, ಆರೂ ತಂತಿ ಇನ್ನೂ ಅರ್ಧ ಸ್ವರ ಇಳಿಸಿದ್ರ ನಿನ್ನ ಷಡ್ಜ ನೇರ ಕರಿ ಒಂದಕ್ಕ ಕೂಡತೈತಿ, ಕ್ಯಾಪೊ ಗೊಡವಿನ ಇಲ್ಲ. ತಂತಿ ಸಡಿಲ ಅನ್ನಿಸಿದ್ರ 13ನೇ ನಂಬರ್ ಸೆಟ್ ಹಾಕು.

ಬಾರ್ ಇಡೋದು ಫ್ರೆಟ್ ತಂತಿಯ ನೆತ್ತಿ ಮ್ಯಾಲೆ ಸರಿಯಾಗಿ, ಬೆರಳು ಇಡ್ತಿದ್ದ ಜಾಗದಾಗ ಅಲ್ಲ, ಅಲ್ಲಿಟ್ರ ಸ್ವರ ಇಳೀತೈತಿ. ಬಾರ್ ಹಿಂದ ಉಳಿದ ಬೆರಳು ಹಗುರಕ ತಂತಿಗೆ ತಾಗಿರ್ಲಿ, ಇಲ್ಲಂದ್ರ ಕಿರ್ರ್ ಅಂತೈತಿ. ಮೊದಲ ತಿಂಗಳು ಬರೇ ಸ ಇಂದ ಪ, ಪ ಇಂದ ಸ, ತಂಬೂರಿ ಆಪ್ ಹಚ್ಚಿ ನಿಧಾನಕ ಜಾರಸು. ನಾನು ಮೊದಲ್ನೇ ಸಲ ಗ ಇಂದ ಮ ಗೆ ಜಾರಿಸಿದಾಗ ನಮ್ಮ ಅವ್ವ ಅಡಗಿಮನ್ಯಾಗಿಂದ ರೊಟ್ಟಿ ಬಡಿಯೋದು ನಿಲ್ಲಿಸಿ ಹೊರಗ ಬಂದು ಬಾಗಿಲ್ದಾಗ ನಿಂತಿದ್ಲು, ಕೈಯೆಲ್ಲಾ ಹಿಟ್ಟು. "ಈಗ ಹಾಡಿದಂಗ ಆತು ನೋಡು" ಅಂದ್ಲು.

ಸಿರುಗುಪ್ಪ ಸ್ಟ್ರಾಟ್:

ಕೊಪ್ಪಳ ಅಣ್ಣ ಹೇಳಿದ್ದು ಒಪ್ತೀನಿ, ನನಗೇ ಈಗ ಒಂದು ಬಾರ್ ತರಿಸಬೇಕು ಅನ್ನಿಸ್ತಿದೆ. ಆದ್ರೂ ಎಲೆಕ್ಟ್ರಿಕ್ ಬಗ್ಗೆ ನನ್ನ ಮಾತು ವಾಪಸ್ ತಗೊಳಲ್ಲ, ರಾತ್ರಿ ಹೆಡ್‌ಫೋನ್ ಹಾಕ್ಕೊಂಡು ಹನ್ನೆರಡರವರೆಗೂ ನುಡಿಸ್ಬೋದು, ಮನೆಯವರು ಮಲಗಿರ್ತಾರೆ, ಅದೊಂದು ಬೇರೇನೇ ಸುಖ. ಹಳೇ ಗಿಟಾರ್‌ಗೆ ದನಿ ಬೇಕಂದ್ರೆ ಸೌಂಡ್‌ಹೋಲ್‌ಗೆ ಸಿಗಿಸೋ ಮ್ಯಾಗ್ನೆಟ್ ಪಿಕಪ್ ಬರುತ್ತೆ, ಸ್ಟೀಲ್ ತಂತಿಗೆ ಮಾತ್ರ ಕೆಲಸ ಮಾಡುತ್ತೆ, ನಿಂದು ಸ್ಟೀಲೇ ಅಲ್ವಾ.

ಕೌಲ್‌ಬಜಾರ್ ತಂತಿ:

ಮೂರು ವಾರ ಆಯ್ತು, ಹೇಳಿ ಹೋಗೋಣ ಅಂತ ಬಂದೆ. ಸೋಪಿನ ಡಬ್ಬಿ ಇಟ್ಟಿದೀನಿ, ಹೈಗ್ರೋಮೀಟರ್ ಮೊದಲ ದಿನ 24 ತೋರಿಸ್ತು, ಈಗ ಚೀಲದೊಳಗೆ 46, ಫ್ರೆಟ್ ಚುಚ್ಚೋದು ಅರ್ಧಕ್ಕರ್ಧ ಕಮ್ಮಿ ಆಗಿದೆ. ಎಕ್ಸ್‌ಟೆಂಡರು, ಬಾರು, ಸೌಂಡ್‌ಹೋಲ್ ಪಿಕಪ್ಪು ತರಿಸಿದೆ, 310 ಈಗ ತೊಡೆ ಮೇಲೆ ಮಲಗಿದೆ, ಷಡ್ಜ ಕರಿ ಒಂದು. ಗುಡಿ ಪ್ಲಗ್‌ಗೆ ಅರ್ತ್ ಇರ್ಲಿಲ್ಲ, ಕಮಿಟಿಯವರಿಗೆ ಹೇಳಿ ಹಾಕಿಸಿದ್ವಿ.

ಮಿಕ್ಕ ದುಡ್ಡಿಗೆ ಅಕ್ಕ ಹೇಳಿದ ಎಫ್‌ಎಸ್‌ಎಕ್ಸ್ ಅಂತ ನಿರ್ಧಾರ ಮಾಡಿದೀನಿ, ಕಮ್ಮಿ ಬಿದ್ದಿದ್ದನ್ನ ಇನ್ನೆರಡು ತಿಂಗಳು ಎತ್ತಿಡ್ತೀನಿ. ಆನ್‌ಲೈನಲ್ಲಿ ತರಿಸಲ್ಲ, ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಬೆಂಗಳೂರಲ್ಲಿ ಇಳಿದು ಅಂಗಡಿಯಲ್ಲಿ ನೆಲದ ಮೇಲೆ ಕೂತು ನುಡಿಸಿ ನೋಡಿಯೇ ತಗೊಳ್ಳೋದು.

ಮೊನ್ನೆ ಸೋಮವಾರ ಮೊದಲ ಸಲ ಸ್ಲೈಡ್ ಒಯ್ದಿದ್ದೆ. ಕೈ ಇನ್ನೂ ಕೂತಿಲ್ಲ, ಸ್ವರ ಆಚೆ ಈಚೆ ಹೋಗುತ್ತೆ, ಅದಕ್ಕೆ ಪೂರ್ತಿ ಪದ ನುಡಿಸ್ಲಿಲ್ಲ, ಒಂದು ವಚನದ ಮುಂಚೆ ಸ ಇಂದ ಪ ವರೆಗೆ ಅಷ್ಟೇ, ನಿಧಾನಕ್ಕೆ. ಮಾವ ಹಾರ್ಮೋನಿಯಂ ಮೇಲಿಂದ ಬೆರಳು ಎತ್ತಿ ತಿದಿ ಮಾತ್ರ ಒತ್ತುತ್ತಾ ನನ್ ಕಡೆ ನೋಡಿದ್ರು. "ಇನ್ನೊಂದ್ ಸಲ" ಅಂದ್ರು.