ಮಾಳಿಗೆಯಿಂದ ವಿಮಾನಕ್ಕೆ ಹಸಿರು ಲೇಸರ್: ಏನು ಮಾಡೋಣ?

ಸಂಘದ ಕಾರ್ಯದರ್ಶಿ: ಎಲ್ಲರಿಗೂ ನಮಸ್ಕಾರ. ನಿನ್ನೆ ಮುಸ್ಸಂಜೆ ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣದತ್ತ ತಗ್ಗಿ ಹೋಗುತ್ತಿದ್ದ ವಿಮಾನದ ಮೇಲೆ ನಮ್ಮ ಬಡಾವಣೆಯ ಮಾಳಿಗೆಯೊಂದರಿಂದ ಹಸಿರು ಲೇಸರ್ ಬಿಟ್ಟಿದ್ದಾರೆ. ಇಬ್ಬರು ನಿವಾಸಿಗಳು ಕಣ್ಣಾರೆ ಕಂಡು ತಿಳಿಸಿದ್ದಾರೆ. ಈ ಸೆಕೆಯಲ್ಲಿ ಕರೆಂಟ್ ಹೋದರೆ ಮಕ್ಕಳೆಲ್ಲ ಮಾಳಿಗೆ ಹತ್ತುವುದು ಸಹಜ. ಯಾರ ಮನೆ ಎಂದು ಇಲ್ಲಿ ಬರೆಯಬೇಡಿ, ಏನು ಮಾಡಬೇಕು ಎಂಬುದನ್ನಷ್ಟೇ ಹೇಳಿ.

3ನೇ ಅಡ್ಡರಸ್ತೆ, ಮೂಲೆ ಮನೆ: ಹೇಳುವುದೇನಿದೆ ಸರ್, 112ಕ್ಕೆ ಕರೆ ಮಾಡಿ. ನನ್ನ ಬಳಿ ವಿಡಿಯೊ ಇದೆ. ಹಾಕಲೇ?

ಕಾರ್ಯದರ್ಶಿ: ಬೇಡ. ಅದರಲ್ಲಿ ಮಕ್ಕಳ ಮುಖ ಕಾಣುತ್ತದೆ.

ಕಿರಾಣಿ ಅಂಗಡಿಯವರು: ಜಾತ್ರೆಯ ಸಾಲಂಗಡಿಯಲ್ಲಿ ಸಿಗುವ ಆಟಿಕೆಗೆ ಪೊಲೀಸರೇ? ಎದುರಿನ ಗೋಡೆಯ ಮೇಲೆ ಬಿಟ್ಟರೆ ಒಂದು ಚುಕ್ಕೆ ಬೀಳುತ್ತದೆ, ಅಷ್ಟೇ. ಅಷ್ಟು ದೊಡ್ಡ ವಿಮಾನಕ್ಕೆ ಆ ಚುಕ್ಕೆಯಿಂದ ಏನಾದೀತು? ಇದರಿಂದ ಎಲ್ಲಾದರೂ ವಿಮಾನ ಬಿದ್ದದ್ದುಂಟೇ?

ನಿವೃತ್ತ ಭೌತಶಾಸ್ತ್ರ ಉಪನ್ಯಾಸಕರು: ಅಣ್ಣಾ, ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಲೇಸರಿನಿಂದ ಪ್ರಯಾಣಿಕ ವಿಮಾನ ಬಿದ್ದ ಪ್ರಕರಣ ದಾಖಲಾಗಿಲ್ಲ. ಹಾಗೆಂದು ಪೈಲಟ್‌ಗಳು ಇದನ್ನು ಆಟವೆಂದು ಬಿಟ್ಟಿಲ್ಲ. ಅಮೆರಿಕ ಒಂದರಲ್ಲೇ 2023ರಲ್ಲಿ 13,304 ದೂರುಗಳು ದಾಖಲಾದವು. ಅಲ್ಲಿ ಇದಕ್ಕೆ ಐದು ವರ್ಷದವರೆಗೆ ಜೈಲು.

ಇನ್ನು ಚುಕ್ಕೆಯ ಮಾತು. ಚುಕ್ಕೆ ಇರುವುದು ನಿಮ್ಮ ಗೋಡೆಯ ಮೇಲೆ ಮಾತ್ರ. ಲೇಸರ್ ಕಿರಣವೂ ದೂರ ಹೋದಂತೆ ಹರಡುತ್ತದೆ. ಸಾಧಾರಣ ಪಾಯಿಂಟರಿನ ಬೆಳಕು ಒಂದು ಕಿಲೋಮೀಟರಿನಲ್ಲಿ ಸುಮಾರು ಒಂದು ಮೀಟರ್ ಅಗಲವಾಗುತ್ತದೆ, ಮೂರು ಕಿಲೋಮೀಟರಿನಲ್ಲಿ ಮೂರು ಮೀಟರ್. ಅಂದರೆ ಪೈಲಟ್ ಕೂತಿರುವ ಕೋಣೆಯ ಕಿಟಕಿಯನ್ನು ಪೂರ್ತಿ ತುಂಬುವಷ್ಟು. ವಿಮಾನದ ಮುಂಗಾಜಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳು, ದೂಳು ಇದ್ದೇ ಇರುತ್ತವೆ. ಬೆಳಕು ಅಲ್ಲಿ ಚೆದುರಿ ಗಾಜೆಲ್ಲ ಹಸಿರಾಗಿ ಉರಿಯುತ್ತದೆ. ಅದರ ಆಚೆ ಓಡುದಾರಿಯ ದೀಪಗಳು ಕಾಣುವುದಿಲ್ಲ.

ನಮ್ಮಲ್ಲಿ ಅನೇಕರು ಕಾರ್ಖಾನೆಯವರು. ಬರಿಗಣ್ಣಿನಿಂದ ವೆಲ್ಡಿಂಗ್ ಕಿಡಿ ನೋಡಿದ ಮೇಲೆ ಎತ್ತ ತಿರುಗಿದರೂ ಕಣ್ಣ ಮುಂದೆ ಕಲೆ ತೇಲುವುದು ನಿಮಗೆ ಗೊತ್ತು. ಪೈಲಟ್‌ಗೂ ಹಾಗೆಯೇ ಆಗುತ್ತದೆ, ಅದೂ ಕತ್ತಲಿಗೆ ಹೊಂದಿಕೊಂಡಿದ್ದ ಕಣ್ಣಿಗೆ. ಇಳಿಯುವ ವಿಮಾನ ಓಡುದಾರಿಗೆ 5 ಕಿಲೋಮೀಟರ್ ದೂರ ಇರುವಾಗ ಇರುವುದು ಸುಮಾರು 260 ಮೀಟರ್ ಎತ್ತರದಲ್ಲಿ. ಗಂಟೆಗೆ 200 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 55 ಮೀಟರ್. ನೆಲ ಮುಟ್ಟಲು ಉಳಿದಿರುವುದು ಒಂದೂವರೆ ನಿಮಿಷ. ಅದರಲ್ಲಿ ಹತ್ತು ಸೆಕೆಂಡು ಕಣ್ಣು ಕಟ್ಟಿದರೆ ಅರ್ಧ ಕಿಲೋಮೀಟರ್ ಕುರುಡಾಗಿ ಹಾರಿದಂತೆ ಆಯಿತು.

ಹಸಿರೇ ಏಕೆ ಕಾಡುತ್ತದೆ ಎಂದರೆ, ನಮ್ಮ ಕಣ್ಣು ಹಸಿರಿಗೆ ಹೆಚ್ಚು ಸೂಕ್ಷ್ಮ. ಅಷ್ಟೇ ಶಕ್ತಿಯ ಕೆಂಪು ಲೇಸರಿಗಿಂತ ಅದು ಬಹಳ ಪ್ರಖರವಾಗಿ ಕಾಣುತ್ತದೆ. ಪಾಯಿಂಟರಿನ ಮೇಲಿನ ಚೀಟಿಯಲ್ಲಿ ಶಕ್ತಿ ಕೇವಲ 5 ಮಿಲಿವ್ಯಾಟ್ ಎಂದು ಬರೆದಿದ್ದರೆ ನಂಬಬೇಡಿ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2013ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 122 ಪಾಯಿಂಟರ್‌ಗಳನ್ನು ಅಳೆದು ನೋಡಿದ್ದರು. ಹಸಿರಿನವುಗಳಲ್ಲಿ ಹೆಚ್ಚುಕಡಿಮೆ ಶೇಕಡಾ 90ರಷ್ಟು ಅಲ್ಲಿನ ಸುರಕ್ಷತಾ ನಿಯಮ ಮೀರಿದ್ದವು. ಅಗ್ಗದವುಗಳಿಂದ ಕಣ್ಣಿಗೆ ಕಾಣದ ಅವಕೆಂಪು ಕಿರಣವೂ ಸೋರುತ್ತದೆ. ಕಾಣದ ಬೆಳಕಿಗೆ ರೆಪ್ಪೆ ಮುಚ್ಚಿಕೊಳ್ಳುವುದಿಲ್ಲ. ಅಷ್ಟು ದೂರದ ಪೈಲಟ್‌ಗೆ ಶಾಶ್ವತ ಹಾನಿಯಾಗುವುದು ಅಪರೂಪ. ಪಕ್ಕದ ಮಾಳಿಗೆಯಲ್ಲಿ ಆಡುವ ನಿಮ್ಮ ಮೊಮ್ಮಗನ ಕಣ್ಣಿಗೆ ಆ ಭರವಸೆ ಇಲ್ಲ.

ಮನೆ 31: ಇದು ನಿಜ. ನಾನು ಕಣ್ಣಿನ ವಿಭಾಗದಲ್ಲಿ ದಾದಿ. ಮಹಾರಾಷ್ಟ್ರದಲ್ಲಿ 2023ರ ಗಣೇಶ ಮೆರವಣಿಗೆಗಳ ನಂತರ, ಡಿಜೆ ಜೊತೆ ಬಿಟ್ಟ ಲೇಸರಿನಿಂದ ಯುವಕರ ಅಕ್ಷಿಪಟಲ, ಅಂದರೆ ಕಣ್ಣಿನ ಒಳಗಿನ ರೆಟಿನಾ ಪರದೆ, ಸುಟ್ಟು ದೃಷ್ಟಿ ಕುಂದಿದ್ದು ವರದಿಯಾಗಿತ್ತು. ಅಕ್ಷಿಪಟಲದ ನಡುಭಾಗ ಸುಟ್ಟರೆ ಕನ್ನಡಕದಿಂದ ಸರಿಹೋಗುವುದಿಲ್ಲ. ಹನಿ ಮದ್ದಿನಿಂದಲೂ ಇಲ್ಲ.

ಕಿರಾಣಿ ಅಂಗಡಿಯವರು: ಸರಿ ಮೇಷ್ಟ್ರೇ, ಒಪ್ಪಿದೆ. ನನ್ನ ಅಂಗಡಿಯಲ್ಲಿ ನಾಲ್ಕೈದು ಉಳಿದಿವೆ, ಮಾರುವುದಿಲ್ಲ. ಆದರೆ ನಮ್ಮ ಹುಡುಗರನ್ನು ಠಾಣೆ ಮೆಟ್ಟಿಲು ಹತ್ತಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

3ನೇ ಅಡ್ಡರಸ್ತೆ, ಮೂಲೆ ಮನೆ: ನಾಳೆ ಅದೇ ವಿಮಾನದಲ್ಲಿ ನಿಮ್ಮ ಮಗಳು ಹೈದರಾಬಾದಿನಿಂದ ಬಂದರೆ?

ಕಾರ್ಯದರ್ಶಿ: ಮಕ್ಕಳನ್ನು ಎಳೆದು ತರುವುದು ಬೇಡ, ಇಬ್ಬರೂ ನಿಲ್ಲಿಸಿ. ವಕೀಲರು ಗುಂಪಿನಲ್ಲಿದ್ದಾರೆ, ಹೇಳಲಿ.

ಮನೆ 8, ವಕೀಲರು: ಚಿಕ್ಕದಾಗಿ ಹೇಳುತ್ತೇನೆ. ಇತರರ ಜೀವಕ್ಕೆ ಅಪಾಯ ತರುವ ದುಡುಕಿನ ಕೃತ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಮಿನಲ್ಲಿ ಮೂರು ತಿಂಗಳವರೆಗೆ ಸೆರೆ ಅಥವಾ 2,500 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಯಾರಿಗಾದರೂ ಗಾಯವಾದರೆ ಶಿಕ್ಷೆ ಏರುತ್ತದೆ. ಹದಿನೆಂಟರ ಒಳಗಿನವರಾದರೆ ಬಾಲ ನ್ಯಾಯ ಮಂಡಳಿ. ದೆಹಲಿ, ಕೋಲ್ಕತ್ತ, ಪುಣೆಯಲ್ಲಿ ವಿಮಾನ ನಿಲ್ದಾಣದ ಸುತ್ತ ಲೇಸರ್ ಬಿಡುವುದನ್ನು ಪೊಲೀಸರು ಆದೇಶ ಹೊರಡಿಸಿ ನಿಷೇಧಿಸಿದ್ದುಂಟು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮಿನ ಪ್ರಕಾರ ಅಂತಹ ಆದೇಶ ಇಲ್ಲಿಯೂ ಸಾಧ್ಯ. ಅದು ಸಾಮಾನ್ಯವಾಗಿ ಎರಡು ತಿಂಗಳು ಮಾತ್ರ ಜಾರಿಯಲ್ಲಿರುತ್ತದೆ, ಹಾಗಾಗಿ ಹಬ್ಬದ ಹೊತ್ತಿಗೆ ಸರಿಯಾಗಿ ಕೇಳಬೇಕು. ಬಳ್ಳಾರಿಗೆ ಹೋಗಿ ಜಿಲ್ಲಾಧಿಕಾರಿಗಳಿಗೆ ಮನವಿ ಕೊಡೋಣ, ಪ್ರತಿಯನ್ನು ಠಾಣೆಗೂ ವಿಮಾನ ನಿಲ್ದಾಣಕ್ಕೂ ಕೊಡೋಣ. ಮನವಿಯಲ್ಲಿ ಯಾವ ಹುಡುಗನ ಹೆಸರೂ ಬೇಡ.

ಉಪನ್ಯಾಸಕರು: ಹುಡುಗರಿಗೆ ಇನ್ನೊಂದು ಮಾತು ತಿಳಿದಿರಲಿ. ಕತ್ತಲಲ್ಲಿ ಯಾರು ಹಿಡಿದಾರು ಎಂದುಕೊಂಡಿದ್ದಾರೆ. ಗಾಳಿಯಲ್ಲಿರುವ ಪ್ರತಿ ಕಣವೂ ಆ ಕಿರಣವನ್ನು ಚೆದುರಿಸುತ್ತದೆ, ಅದಿರಿನ ದೂಳಿಗೆ ನಮ್ಮೂರಲ್ಲಿ ಬರವಿಲ್ಲ. ಮೇಲಿನಿಂದ ನೋಡುವವರಿಗೆ ಆ ಹಸಿರು ಗೆರೆಯ ಬುಡದಲ್ಲಿ ಯಾವ ಮನೆಯ ಮಾಳಿಗೆ ಇದೆ ಎಂದು ನೇರವಾಗಿ ಕಾಣುತ್ತದೆ. ಹೊರದೇಶಗಳಲ್ಲಿ ಪೊಲೀಸ್ ಹೆಲಿಕಾಪ್ಟರಿಗೇ ಲೇಸರ್ ಬಿಟ್ಟು ಹಾಗೆ ಸಿಕ್ಕಿಬಿದ್ದವರಿದ್ದಾರೆ.

ಮನೆ 19: ನಮ್ಮ ಓಣಿಯ ಮಕ್ಕಳಿಂದ ಎರಡು ಪಾಯಿಂಟರ್ ತೆಗೆದುಕೊಂಡಿದ್ದೇನೆ. ಯಾರದೆಂದು ಕೇಳಬೇಡಿ. ಉಳಿದವರೂ ಭಾನುವಾರದೊಳಗೆ ಸಂಘದ ಕೋಣೆಯಲ್ಲಿ ಕೊಡಲಿ. ಕಸದ ಬುಟ್ಟಿಗೆ ಹಾಕಬೇಡಿ ಅಕ್ಕಂದಿರೇ, ಮತ್ತೊಬ್ಬ ಮಗುವಿನ ಕೈಗೆ ಸಿಗುತ್ತದೆ. ಸೆಲ್ ತೆಗೆದು ಕೊಡಿ.

ಗಣೇಶ ಸಮಿತಿ ಹುಡುಗರ ಪರವಾಗಿ: ಮನವಿಗೆ ನಾವೂ ಸಹಿ ಹಾಕುತ್ತೇವೆ. ಆದರೆ ಡಿಜೆಯವನಿಗೆ ಮುಂಗಡ ಕೊಟ್ಟಾಗಿದೆ, ಲೇಸರ್ ಸೇರಿಸಿಯೇ ದರ ಮಾತಾಡಿದ್ದು. ಈಗ ಬೇಡವೆಂದರೆ ಹಣ ಹಿಂದಿರುಗಿಸುತ್ತಾನೆಯೇ?

ಕಾರ್ಯದರ್ಶಿ: ಲೇಸರ್ ಬೇಡ, ಬಣ್ಣದ ದೀಪ ಸಾಕು ಎಂದು ಈಗಲೇ ಹೇಳಿ. ಒಪ್ಪದಿದ್ದರೆ ನಾನೇ ಬಂದು ಮಾತನಾಡುತ್ತೇನೆ. ಮುಂಗಡದ ರಸೀದಿ ಇದೆ ತಾನೇ?

ಗಣೇಶ ಸಮಿತಿ: ರಸೀದಿ ಬರೆಸಿಲ್ಲ ಸರ್.

ಕಾರ್ಯದರ್ಶಿ: ಹಾಗಾದರೆ ಮೊದಲು ಬರೆಸಿಕೊಂಡು ಬನ್ನಿ, ಲೇಸರ್ ಇಲ್ಲ ಎಂಬ ಸಾಲೂ ಅದರಲ್ಲೇ ಇರಲಿ. ವಕೀಲರೇ, ಮನವಿಯ ಕರಡು ನಾಳೆ ಸಂಜೆಯೊಳಗೆ ಗುಂಪಿಗೆ ಹಾಕಿ. ಸೋಮವಾರ ಬಳ್ಳಾರಿಗೆ ನಾನು, ಮೇಷ್ಟ್ರು ಹೋಗುತ್ತೇವೆ. ಕಾರಿನಲ್ಲಿ ಇನ್ನಿಬ್ಬರಿಗೆ ಜಾಗವಿದೆ.