ಪಾರ್ಕಿನ ಮೂಲೆಗೆ ಹೊಂಗೆಯೋ, ಬಿದಿರೋ?

ಮನೆ 31, ಮಹಡಿ (ರಾತ್ರಿ 1:47)
ಯಾರಾದರೂ ಎದ್ದಿದ್ದೀರಾ? ಛತ್ರದವರ ಹೊಸ ದೀಪ ನೇರವಾಗಿ ನಮ್ಮ ಮಲಗುವ ಕೋಣೆಯ ಗೋಡೆಗೆ ಹೊಡೆಯುತ್ತಿದೆ. ಪರದೆಯ ಮೇಲೆ ಬೆಡ್‌ಶೀಟ್ ಕಟ್ಟಿದರೂ ಪ್ರಯೋಜನವಿಲ್ಲ. ಜನರೇಟರಿನ ಸದ್ದು ಬೇರೆ. ಮಗುವಿಗೆ ಜ್ವರ, ಈಗಷ್ಟೇ ಕಣ್ಣು ಮುಚ್ಚಿದ್ದು ಮತ್ತೆ ಎದ್ದು ಕೂತಿದೆ. ಆ ಮರ ಇದ್ದಾಗ ಈ ಗೋಳು ಇರಲಿಲ್ಲ. ಅದು ಬಿದ್ದು ವರ್ಷವಾಯಿತು, ಆ ಗುಂಡಿಯಲ್ಲಿ ಒಂದು ಕಡ್ಡಿ ನೆಟ್ಟವರಿಲ್ಲ. ಸಂಘ ಇದೆಯೋ, ಬಾಗಿಲು ಹಾಕಿದೆಯೋ? ತಿಂಗಳ ಹಣ ಮಾತ್ರ ಒಂದನೇ ತಾರೀಖಿಗೆ ತಪ್ಪದೆ ಕೇಳುತ್ತೀರಿ.

ಮನೆ 12 (ರಾತ್ರಿ 1:53)
ಎದ್ದಿದ್ದೇನೆ. ಅದೇ ಬೆಳಕಿನಲ್ಲಿ ಪದಬಂಧ ಬಿಡಿಸುತ್ತಿದ್ದೇನೆ. ನಮ್ಮ ಮನೆಯ ದೀಪ ಆರಿಸಿದ್ದೇನೆ, ಬಿಲ್ ಉಳಿಯಿತು.

ಮನೆ 31, ಮಹಡಿ
ನಿಮಗೆ ತಮಾಷೆ.

ಕಾರ್ಯದರ್ಶಿ (ಬೆಳಿಗ್ಗೆ 6:20)
ಎಲ್ಲರಿಗೂ ಶುಭೋದಯ. ಮೇಡಂ, ನಿಮ್ಮ ಬೇಸರ ಅರ್ಥವಾಗುತ್ತದೆ, ಆದರೆ ಹಣದ ಮಾತು ಇಲ್ಲಿ ಬೇಡ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ ಎಂದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲೇ ಇದೆ. 112ಕ್ಕೆ ಕರೆ ಮಾಡಬಹುದಿತ್ತು.

ಮನೆ 31, ಮಹಡಿ
ಧ್ವನಿವರ್ಧಕ ಹತ್ತಕ್ಕೇ ನಿಂತಿತ್ತು ಸರ್. ಉಳಿದದ್ದು ಜನರೇಟರ್ ಮತ್ತು ಪಾತ್ರೆ ತೊಳೆಯುವವರು. ಹಂಡೆ ಉಜ್ಜಬೇಡಿ ಎಂದು ಹೇಳಲು ಪೊಲೀಸರನ್ನು ಕರೆಸಲೇ? ನಾನು ಕೇಳುತ್ತಿರುವುದು ಮರ.

ಮನೆ 27 (ನಿವೃತ್ತ ಎಂಜಿನಿಯರ್)
ನಾನು ಕಳೆದ ವರ್ಷವೇ ಹೇಳಿದ್ದೆ, ಗುಂಪಿನಲ್ಲಿ ಹುಡುಕಿ ನೋಡಿ. ಬಿದಿರು! ಮರ ನೆಟ್ಟು ಯಾವ ಕಾಲಕ್ಕೆ ಮರೆಯಾಗುತ್ತದೆ? ಬಿದಿರಿನ ಮೊಳಕೆ ಮಳೆಗಾಲದಲ್ಲಿ ನೆಲ ಸೀಳಿ ಎದ್ದರೆ ಎರಡು ಮೂರು ತಿಂಗಳಲ್ಲಿ ಪೂರ್ತಿ ಎತ್ತರ ಮುಟ್ಟುತ್ತದೆ, ಆಮೇಲೆ ಒಂದಿಂಚೂ ಏರುವುದಿಲ್ಲ. ಇಂಥ ಶಿಸ್ತು ಯಾವ ಮರಕ್ಕಿದೆ? ಪಶ್ಚಿಮದ ಬೇಲಿಯುದ್ದಕ್ಕೂ ಹನ್ನೆರಡು ಬುಡ ಹಾಕಿದರೆ ಹಸಿರು ಗೋಡೆ. ಹುಣಸೂರು ರಸ್ತೆಯ ನರ್ಸರಿಯಲ್ಲಿ ನಾನೇ ವಿಚಾರಿಸಿದ್ದೇನೆ. ನಕ್ಷೆ ತಯಾರಿದೆ, ಸಂಜೆ ಹಾಕುತ್ತೇನೆ.

ಮನೆ 40
🙏 ಅನೇಕ ಬಾರಿ ಫಾರ್ವರ್ಡ್ ಆಗಿದೆ 🙏
ನಿಮಗೆ ಗೊತ್ತೇ?? ಬಿದಿರು ಬೇರೆ ಮರಗಳಿಗಿಂತ ಶೇ 35ರಷ್ಟು ಹೆಚ್ಚು ಆಮ್ಲಜನಕ ಕೊಡುತ್ತದೆ!! ಹನ್ನೊಂದು ಜನರಿಗೆ ಕಳುಹಿಸಿ, ಸಂಜೆಯೊಳಗೆ ಶುಭ ಸುದ್ದಿ ಬರುತ್ತದೆ!!

ಮನೆ 27
ನೋಡಿದಿರಾ?

ಮನೆ 9 (ಸಸ್ಯಶಾಸ್ತ್ರದ ಮೇಡಂ)
ಆ ಶೇ 35ನ್ನು ಯಾರು, ಎಲ್ಲಿ, ಯಾವ ಬಿದಿರಿನಲ್ಲಿ ಅಳೆದರು ಎಂದು ಕೇಳಿದರೆ ಕಳುಹಿಸಿದವರೂ ಹೇಳುವುದಿಲ್ಲ, ಬಿಡಿ. ಎಂಜಿನಿಯರ್ ಸಾಹೇಬರು ಹೇಳಿದ ವೇಗ ಸರಿ, ಆದರೆ ಅದು ಬಲಿತ ಮೆಳೆಯ ಲೆಕ್ಕ. ಹೊಸ ಸಸಿ ಮೊದಲ ವರ್ಷ ಬೆರಳು ಗಾತ್ರದ ಕಡ್ಡಿ ಬಿಡುತ್ತದೆ, ಮರುವರ್ಷ ಅದಕ್ಕಿಂತ ದಪ್ಪ. ನೀವು ಹೇಳುವ ಗೋಡೆಗೆ ಮೂರು ನಾಲ್ಕು ವರ್ಷವಾದರೂ ಬೇಕು. ಅದೂ ನೀರು ಕೊಟ್ಟರೆ. ಅಷ್ಟರಲ್ಲಿ ಹೊಂಗೆ ಆಳೆತ್ತರ ದಾಟಿರುತ್ತದೆ.

ಇನ್ನೊಂದು ಮಾತು. ಬಿದಿರು ಕೊಡುವುದು ಮರೆ, ನೆರಳಲ್ಲ. ಬೆಳಿಗ್ಗೆ ಹನ್ನೊಂದರ ಮೇಲೆ ಆ ಕಲ್ಲುಬೆಂಚಿನ ಮೇಲೆ ಕೂರಲು ಆಗುತ್ತದೆಯೇ? ಹೊಂಗೆ ಶಿವರಾತ್ರಿಯ ಆಸುಪಾಸಿನಲ್ಲಿ ಎಲೆ ಉದುರಿಸಿ ಯುಗಾದಿಗೆ ಹೊಸ ಚಿಗುರು ಹೊತ್ತು ನಿಲ್ಲುತ್ತದೆ. ಬಿಸಿಲು ಏರುವ ಹೊತ್ತಿಗೆ ಸರಿಯಾಗಿ ಕೊಡೆ ಬಿಚ್ಚಿರುತ್ತದೆ. ನಮ್ಮ ಮಣ್ಣಿನದೇ ಮರ, ಮಣ್ಣಿಗೆ ಸಾರಜನಕವನ್ನೂ ಸೇರಿಸುತ್ತದೆ.

ಮನೆ 27
ಮೇಡಂ, ತರಗತಿಯ ಪಾಠ ಬೇರೆ, ಹೊರಗಿನ ಅನುಭವ ಬೇರೆ. ನಾನು ಮೂವತ್ತು ವರ್ಷ ನೀರಾವರಿಯಲ್ಲಿದ್ದವನು.

ಮನೆ 12
ನಾಲೆಯಲ್ಲಿ ಬಿದಿರು ಬೆಳೆಸುತ್ತಿದ್ದಿರಾ ಸರ್?

ಮನೆ 30
ಹೊಂಗೆ ಬೇಡ. ಹೂವಿನ ಕಾಲದಲ್ಲಿ ಕಾರಿನ ಮೇಲೆಲ್ಲ ಕಸ, ಜೊತೆಗೆ ಜೇನುನೊಣ. ಎತ್ತರದ್ದು ಯಾವುದನ್ನು ನೆಟ್ಟರೂ ನಮ್ಮ ಬಾಲ್ಕನಿಗೆ ಚಾಮುಂಡಿ ಬೆಟ್ಟದ ದೀಪ ಕಾಣುವುದಿಲ್ಲ ಎನ್ನುವುದನ್ನೂ ಗಮನಿಸಿ.

ಮನೆ 31, ಮಹಡಿ
ನಿಮಗೆ ಬೆಟ್ಟದ ದೀಪ, ನಮಗೆ ಛತ್ರದ ದೀಪ. ಅಲ್ಲ ಸರ್, ಆ ಮರ ಬೀಳಲು ಕಾರಣವೇ ನಿಮ್ಮ ಕಾರು. ನಿಲ್ಲಿಸಲು ಜಾಗ ಬೇಕೆಂದು ಬುಡದ ತನಕ ಸಿಮೆಂಟ್ ಹಾಕಿಸಿದವರು ಯಾರು? ಇಡೀ ರಸ್ತೆಗೆ ಗೊತ್ತು.

ಮನೆ 30
ಮಾತು ಅಳೆದು ಆಡಿ. ಸಿಮೆಂಟ್ ಹಾಕಿದ್ದು ಒಂದು ಬದಿಗೆ. ಇನ್ನೊಂದು ಬದಿಯಲ್ಲಿ ವಾಕಿಂಗ್ ದಾರಿಗೆಂದು ಎರಡಡಿ ಅಗೆಸಿ ಬೇರು ಕಡಿಸಿದವರು ಯಾರು ಎಂದು ಮನೆ 27ನ್ನು ಕೇಳಿ.

ಮನೆ 27
ಅದು ಸಂಘದ ನಿರ್ಣಯ. ನಡಾವಳಿ ಪುಸ್ತಕದಲ್ಲಿದೆ. ನನ್ನ ಸಹಿ ತಾಂತ್ರಿಕ ಸಲಹೆಗಾರನಾಗಿ ಮಾತ್ರ.

ಕಾರ್ಯದರ್ಶಿ
ಆಗ ನಾನು ಕಾರ್ಯದರ್ಶಿ ಆಗಿರಲಿಲ್ಲ.

ಮನೆ 30
ಈ ಬಡಾವಣೆಯಲ್ಲಿ ಯಾವುದಾದರೂ ನಡೆದಾಗ ಯಾರೂ ಕಾರ್ಯದರ್ಶಿ ಆಗಿರುವುದಿಲ್ಲ.

ಮನೆ 9
ಜಗಳದ ನಡುವೆ ಒಂದು ಮಾತು. ಬಿದ್ದದ್ದು ಗುಲ್‌ಮೊಹರ್. ಮಡಗಾಸ್ಕರದಿಂದ ಬಂದ ಮರ, ಬೇರು ಮೇಲುಮೇಲೆ ಹರಡುತ್ತದೆ, ಕೊಂಬೆ ಪೆಡಸು. ಒಂದು ಕಡೆ ಸಿಮೆಂಟ್, ಇನ್ನೊಂದು ಕಡೆ ಅಗೆತ. ಆ ಸ್ಥಿತಿಯಲ್ಲಿ ಮುಂಗಾರು ಪೂರ್ವದ ಗಾಳಿಗೆ ಎಷ್ಟು ದಿನ ನಿಲ್ಲುತ್ತದೆ? ಇಬ್ಬರಿಗೂ ಪಾಲಿದೆ. ಹೊಸದನ್ನಾದರೂ ಮೂರಡಿ ಉದ್ದ, ಅಗಲ, ಆಳದ ಗುಂಡಿ ತೋಡಿ, ಸುತ್ತ ಮಣ್ಣು ಬಿಟ್ಟು ನೆಡಬೇಕು.

ಮನೆ 22
ನಮ್ಮ ಅಜ್ಜಿ ಹೇಳುತ್ತಿದ್ದಾರೆ, ನಾನು ಟೈಪ್ ಮಾಡುತ್ತಿದ್ದೇನೆ: ಬಿದಿರು ಮೆಳೆ ಎಂದರೆ ಹಾವು. ಮನೆಯ ಹತ್ತಿರ ಬೇಡವೇ ಬೇಡ. ಅದು ಹೂ ಬಿಟ್ಟರೆ ಊರಿಗೆ ಕೇಡು.

ಮನೆ 27
ಮೂಢನಂಬಿಕೆ.

ಮನೆ 9
ಪೂರ್ತಿ ಮೂಢನಂಬಿಕೆಯಲ್ಲ ಸರ್. ಹೆಬ್ಬಿದಿರು ಸುಮಾರು ನಲವತ್ತು ಐವತ್ತು ವರ್ಷಕ್ಕೊಮ್ಮೆ ಇಡೀ ಮೆಳೆಯೇ ಹೂಬಿಟ್ಟು, ಅಕ್ಕಿ ಉದುರಿಸಿ ಸಾಯುತ್ತದೆ. ಆ ಅಕ್ಕಿ ತಿಂದು ಇಲಿಗಳು ಹೆಚ್ಚಿ, ಅದು ಮುಗಿದ ಮೇಲೆ ಹೊಲಕ್ಕೂ ಕಣಜಕ್ಕೂ ನುಗ್ಗುತ್ತವೆ. ಅಜ್ಜಿಯ ಕಾಲದವರು ಕಣ್ಣಾರೆ ಕಂಡದ್ದನ್ನು ಹೇಳುತ್ತಾರೆ. ಹಾವೂ ಅಷ್ಟೇ: ಬುಡದಲ್ಲಿ ತರಗು ಗುಡ್ಡೆಯಾದರೆ ಇಲಿ ಸೇರುತ್ತದೆ, ಇಲಿ ಇದ್ದಲ್ಲಿ ಹಾವು. ಗುಡಿಸುವವರಿದ್ದರೆ ಭಯವಿಲ್ಲ. ನಮ್ಮ ಪಾರ್ಕ್ ಗುಡಿಸುವವರು ಯಾರು ಎಂದು ನಾನು ಕೇಳುವುದಿಲ್ಲ.

ಮನೆ 12
ಐವತ್ತು ವರ್ಷದ ನಂತರದ ಇಲಿಗಳಿಗೆ ಆಗಿನ ಕಾರ್ಯದರ್ಶಿ ಜವಾಬ್ದಾರರು.

ಮನೆ 18
ಕೊಡಗಿನವರ ಮತ ಬಿದಿರಿಗೆ. ಆಷಾಢದಲ್ಲಿ ಕಳಲೆ! ಎಳೆಯದನ್ನು ಸುಲಿದು, ತೆಳ್ಳಗೆ ಹೆಚ್ಚಿ, ನೀರಿನಲ್ಲಿ ನೆನೆಹಾಕಿ, ದಿನಾ ನೀರು ಬದಲಿಸಬೇಕು. ಎರಡು ಮೂರು ದಿನ. ಆಮೇಲೆ ಬೇಯಿಸಿ ಪಲ್ಯವೋ ಸಾರೋ ಮಾಡಿ, ಅಕ್ಕಿರೊಟ್ಟಿಯ ಜೊತೆ ತಿಂದು ನೋಡಿ. ನೆನೆಸದೆ ತಿನ್ನಬಾರದು, ಹಸಿಯದರಲ್ಲಿ ವಿಷದ ಅಂಶ ಇರುತ್ತದೆ.

ಮನೆ 12
ಛತ್ರದವರಿಗೆ ನೆನೆಸದೆ ಕಳುಹಿಸೋಣ.

ಮನೆ 27
ಇದು ಗಂಭೀರ ವೇದಿಕೆ. ಅಡುಗೆಗೆ ಬೇರೆ ಗುಂಪು ಇದೆ. ಬಿದಿರಿನ ಮತ್ತೊಂದು ಲಾಭ ಕೇಳಿ: 2017ರಲ್ಲಿ ಭಾರತೀಯ ಅರಣ್ಯ ಕಾಯ್ದೆಗೆ ತಿದ್ದುಪಡಿ ತಂದು ಬಿದಿರನ್ನು ಮರಗಳ ಪಟ್ಟಿಯಿಂದ ತೆಗೆದಿದ್ದಾರೆ. ಕಾಡಿನ ಹೊರಗೆ ಬೆಳೆದದ್ದನ್ನು ಕಡಿಯಲು ಆ ಕಾಯ್ದೆಯ ತೊಡಕಿಲ್ಲ. ಹೊಂಗೆಯ ಒಂದು ಕೊಂಬೆ ತೆಗೆಯಬೇಕಾದರೂ ಅರ್ಜಿ ಹಿಡಿದು ಅಲೆಯಬೇಕು.

ಮನೆ 31, ಮಹಡಿ
ನೆಡುವ ಮೊದಲೇ ಕಡಿಯುವ ಲೆಕ್ಕವೇ ಸರ್?

ಮನೆ 35
ನಾನು ಹೊಸಬ, ತಪ್ಪು ತಿಳಿಯಬೇಡಿ. ಆ ದೀಪವನ್ನು ಸ್ವಲ್ಪ ನೆಲದ ಕಡೆಗೆ ತಿರುಗಿಸಿ, ಮೇಲೊಂದು ಮುಚ್ಚಳ ಹಾಕಿ ಎಂದು ಛತ್ರದ ವ್ಯವಸ್ಥಾಪಕರನ್ನು ಯಾರಾದರೂ ಕೇಳಿದ್ದೀರಾ?

ಮನೆ 27
ಅದು ತಾತ್ಕಾಲಿಕ ಪರಿಹಾರ. ನಾವು ಶಾಶ್ವತ ಪರಿಹಾರದ ಬಗ್ಗೆ ಮಾತನಾಡುತ್ತಿದ್ದೇವೆ.

ಮನೆ 9
ಕೇಳುವುದು ಒಳ್ಳೆಯದೇ. ಏಕೆಂದರೆ ಸದ್ದಿನ ವಿಷಯದಲ್ಲಿ ಬಿದಿರೂ ಅಷ್ಟೇ, ಹೊಂಗೆಯೂ ಅಷ್ಟೇ. ಒಂದು ಸಾಲು ಗಿಡ ಬೆಳಕನ್ನು ತಡೆಯುತ್ತದೆ, ಜನರೇಟರಿನ ಸದ್ದನ್ನು ತಡೆಯುವುದಿಲ್ಲ. ಅದಕ್ಕೆ ಹತ್ತಾರು ಮೀಟರ್ ಅಗಲದ ತೋಪು ಬೇಕು. ನಮ್ಮ ಪಾರ್ಕೇ ಅಷ್ಟು ಅಗಲವಿಲ್ಲ. ಮತ್ತೆ ಪಶ್ಚಿಮದ ಬೇಲಿಯ ಮೇಲೆ ವಿದ್ಯುತ್ ತಂತಿ ಇದೆ, ಮರೆತಿರಾ? ಬಿದಿರಿನ ತುದಿ ಬಾಗಿ ತಂತಿಗೆ ತಗುಲಿದರೆ ದೀಪದ ಸಮಸ್ಯೆ ಬಗೆಹರಿಯುತ್ತದೆ, ಇಡೀ ಬಡಾವಣೆಯದು.

ನನ್ನ ಸಲಹೆ: ಗುಂಡಿಯಲ್ಲಿ ಒಂದು ಹೊಂಗೆ, ತಂತಿಯಿಂದ ಈಚೆಗೆ. ಮನೆ 31ರ ನೇರಕ್ಕೆ ತಂತಿ ಇಲ್ಲದ ಕಡೆ ನಾಲ್ಕು ಬುಡ ಬಿದಿರು. ಗುಂಪಾಗಿ ಬೆಳೆಯುವ, ಮುಳ್ಳಿಲ್ಲದ ಜಾತಿಯೇ ಆಗಬೇಕು. ನೆಲದೊಳಗೆ ಹರಿದಾಡುವ ಜಾತಿ ತಂದರೆ ಮುಂದೊಂದು ದಿನ ಮನೆ 30ರ ಕಾರಿನ ಕೆಳಗೆ ಮೊಳಕೆ ಏಳುತ್ತದೆ.

ಮನೆ 30
ನನ್ನ ಕಾರನ್ನು ಬಿಟ್ಟು ಮಾತನಾಡಲು ಯಾರಿಗೂ ಬರುವುದಿಲ್ಲವೇ?

ಕಾರ್ಯದರ್ಶಿ (ಸಂಜೆ 7:05)
ಮತ ಹಾಕಿ ಎಂದಿದ್ದೆ. ಇಲ್ಲಿಯವರೆಗೆ: ಹೊಂಗೆ 11, ಬಿದಿರು 10, ಎರಡೂ 4, ಯಾವುದೂ ಬೇಡ 1. ಮನೆ 27ರಿಂದ ಮೂರು ಸಂಖ್ಯೆಗಳಿಂದ ಮತ ಬಂದಿದೆ. ಮನೆಗೊಂದೇ ಮತ ಎಂದು ಬೈಲಾದಲ್ಲಿದೆ.

ಮನೆ 27
ಮಗ, ಸೊಸೆ ಪ್ರತ್ಯೇಕ ಸದಸ್ಯರು. ಬೈಲಾದ 6ನೇ ಕಲಮು ಓದಿ.

ಮನೆ 40
🌹 ಯೋಗಾಭ್ಯಾಸಕ್ಕೆ ಬೆಳಿಗ್ಗೆ 5:30ಕ್ಕೆ ಎಲ್ಲರಿಗೂ ಸ್ವಾಗತ. ಚಾಪೆ ತನ್ನಿ 🌹

ಮನೆ 22
ಅಜ್ಜಿ ಕೇಳುತ್ತಿದ್ದಾರೆ: ಯಾವುದನ್ನೇ ನೆಡಿ, ನೀರು ಹಾಕುವವರು ಯಾರು? ಪಾರ್ಕಿನ ಕೊಳವೆಬಾವಿಯ ಮೋಟಾರ್ ಸುಟ್ಟು ದೀಪಾವಳಿಯಿಂದ ಹಾಗೇ ಇದೆ. ದಾಸವಾಳವೇ ಒಣಗಿದೆ.

ಕಾರ್ಯದರ್ಶಿ
ಹೌದು, ಅದೊಂದು ಬಾಕಿ ಇದೆ. ರೀವೈಂಡಿಂಗ್ ಮಾಡಿಸಿದರೆ ಎಷ್ಟು ದಿನ ಬರುತ್ತದೆಯೋ ಗೊತ್ತಿಲ್ಲ ಎಂದು ಮೆಕ್ಯಾನಿಕ್ ಹೇಳಿದ್ದರು.

ಮನೆ 27
ರೀವೈಂಡಿಂಗ್ ಸಲ್ಲದು. ಹೊಸದೇ ಹಾಕಬೇಕು. 3 ಎಚ್‌ಪಿ ಸಾಲದು ಎಂದು ಅಂದೇ ಲಿಖಿತವಾಗಿ ಕೊಟ್ಟಿದ್ದೆ. ಕೊಳವೆಯ ಆಳ, ನೀರಿನ ಮಟ್ಟ, ಎಲ್ಲದರ ಲೆಕ್ಕ ನನ್ನ ಬಳಿ ಇದೆ.

ಮನೆ 30
ಈ ವಿಷಯದಲ್ಲಿ ಮಾತ್ರ ಮನೆ 27ರ ಮಾತು ಸರಿ. ನಾನು 1000 ರೂಪಾಯಿ ಕೊಡುತ್ತೇನೆ.

ಮನೆ 18
ನಾನು 500.

ಮನೆ 12
500. ಪಂಪ್ ಕೊಠಡಿಯ ಬೀಗದ ಕೈ ಯಾರ ಬಳಿ ಇದೆ?

ಕಾರ್ಯದರ್ಶಿ
ಹಿಂದಿನ ಕಾರ್ಯದರ್ಶಿಗಳ ಬಳಿ. ಅವರು ಮಗಳ ಬಾಣಂತನಕ್ಕೆಂದು ಪತ್ನಿಯ ಜೊತೆ ಹೋಗಿದ್ದಾರೆ, ಮುಂದಿನ ತಿಂಗಳು ಬರುತ್ತಾರೆ.

ಮನೆ 31, ಮಹಡಿ
ಇವತ್ತು ಛತ್ರದಲ್ಲಿ ಆರತಕ್ಷತೆ ಇದೆ. ಫಲಕ ನೋಡಿ ಬಂದೆ.

ಮನೆ 27
ಬೀಗ ಒಡೆಸೋಣ. ನಡಾವಳಿಯಲ್ಲಿ ನಮೂದಿಸಿದರೆ ಆಕ್ಷೇಪಣೆ ಬರುವುದಿಲ್ಲ.

ಕಾರ್ಯದರ್ಶಿ
ಭಾನುವಾರ ಬೆಳಿಗ್ಗೆ 10ಕ್ಕೆ ಸಭೆ, ಗಣಪತಿ ದೇವಸ್ಥಾನದ ಪಕ್ಕದ ಶೆಡ್‌ನಲ್ಲಿ. ವಿಷಯ: ಪಂಪ್ ಮೋಟಾರ್, ಬೀಗ, ವಂತಿಗೆ. ಸಮಯ ಉಳಿದರೆ ಗಿಡ. ಮನೆ 31, ನೀವೂ ದಯವಿಟ್ಟು ಬನ್ನಿ, ಹೋದ ತಿಂಗಳ ಹಣ ಇನ್ನೂ ಬಂದಿಲ್ಲ.