ಪುಣೆ: ಮೂವರು ವಿದ್ಯಾರ್ಥಿಗಳ ಸ್ಟಾರ್ಟಪ್, ಈಗಲೇ ಕಂಪನಿ ಮಾಡಿಸಬೇಕಾ?

ಕೋಥ್ರೂಡ್_ಕನ್ನಡಿಗ:
ನಾವು ಮೂವರು, ಇಂಜಿನಿಯರಿಂಗ್ ಮೂರನೇ ವರ್ಷ. ಸದಾಶಿವ ಪೇಠದ ಮೆಸ್, ಡಬ್ಬಾದವರಿಗೆ ತಿಂಗಳ ಲೆಕ್ಕ ಇಡುವ ಆ್ಯಪ್ ಮಾಡಿದ್ದೇವೆ. ಕೆಲವರು ದುಡ್ಡು ಕೊಡಲು ಒಪ್ಪಿದ್ದಾರೆ. ಪ್ರೈವೇಟ್ ಲಿಮಿಟೆಡ್ ಈಗಲೇ ಮಾಡಿಸೋದಾ? ಶೇರು ಮೂವರಿಗೂ ಸಮ ಅಂತ ಮಾತಾಗಿದೆ. ಅರ್ಧ ಕೋಡ್ ಬರೆದದ್ದು ಹೊರಗಿನ ಫ್ರೀಲ್ಯಾನ್ಸರ್.

ಲೆಕ್ಕದ_ಪುಸ್ತಕ:
ಸದ್ಯಕ್ಕೆ ಬೇಡ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ಜಿಎಸ್‌ಟಿ ಬೇಕಿಲ್ಲ, ಒಬ್ಬರ ಹೆಸರಿನಲ್ಲೇ ಬಿಲ್ ಹಾಕಬಹುದು.

ಕಂಪನಿ ಹುಟ್ಟಿಸೋದಕ್ಕಿಂತ ಸಾಕೋದು ದುಬಾರಿ. ನೋಂದಣಿಯಾದ 30 ದಿನದೊಳಗೆ ಆಡಿಟರ್ ನೇಮಕ. ವ್ಯಾಪಾರ ಸೊನ್ನೆ ಇದ್ದರೂ ಆಡಿಟ್ ತಪ್ಪಲ್ಲ. ಹುಡುಗರು ಹೆಚ್ಚಾಗಿ ಸಿಕ್ಕಿಬೀಳೋದು ಐಎನ್‌ಸಿ-20ಎ ಫಾರಂನಲ್ಲಿ. ಶೇರಿನ ಹಣ ಬಂದಿದೆ ಅಂತ 180 ದಿನದೊಳಗೆ ಘೋಷಿಸಬೇಕು. ಇವರು ಕಂಪನಿ ಖಾತೆಗೆ ದುಡ್ಡೇ ಹಾಕದೆ ಸರ್ವರ್ ಬಿಲ್ಲನ್ನು ಸ್ವಂತ ಕಾರ್ಡಿನಿಂದ ಕಟ್ಟುತ್ತಿರುತ್ತಾರೆ. ಗಡುವು ದಾಟಿದರೆ ಕಂಪನಿಗೆ 50,000 ರೂ. ದಂಡ, ನಿರ್ದೇಶಕರಿಗೆ ದಿನಕ್ಕೆ 1,000ದಂತೆ 1 ಲಕ್ಷದವರೆಗೆ. ವಾರ್ಷಿಕ ಲೆಕ್ಕಪತ್ರದ ಫಾರಂ ಎಒಸಿ-4, ವಾರ್ಷಿಕ ವಿವರಪಟ್ಟಿಯ ಫಾರಂ ಎಂಜಿಟಿ-7ಎ ತಡವಾದರೆ ಪ್ರತಿ ಫಾರಂಗೆ ದಿನಕ್ಕೆ 100 ರೂ. ಸತತ ಮೂರು ವರ್ಷ ಸಲ್ಲಿಸದಿದ್ದರೆ ನಿರ್ದೇಶಕರು 5 ವರ್ಷ ಅನರ್ಹ. ಕ್ಯಾಂಪಸ್ ಕೆಲಸಕ್ಕೆ ಸೇರಿದವರಿಗೆ ಇದೆಲ್ಲ ಎಲ್ಲಿ ನೆನಪಿರುತ್ತೆ!

ವಿಳಾಸವೂ ತಲೆನೋವೇ. ಬಾಡಿಗೆ ಫ್ಲ್ಯಾಟಾದರೆ ಮಾಲೀಕರ ಒಪ್ಪಿಗೆ ಪತ್ರ, 2 ತಿಂಗಳಿಗಿಂತ ಹಳೆಯದಲ್ಲದ ಕರೆಂಟ್ ಬಿಲ್ ಬೇಕು.

ಪಾಷಾಣ್_ರಸ್ತೆ:
ಕಂಪನಿ ಆಮೇಲಾದರೂ ಆದೀತು, ನಿಮ್ಮ ಮೂವರ ನಡುವಿನ ಕರಾರು ಮಾತ್ರ ಈ ವಾರವೇ ಆಗಲಿ. ಸಮ ಪಾಲು ತಪ್ಪಲ್ಲ, ವೆಸ್ಟಿಂಗ್ (ಕಾಲ ಕಳೆದಂತೆ ಶೇರು ಸ್ವಲ್ಪಸ್ವಲ್ಪವೇ ಕೈಸೇರುವ ಷರತ್ತು) ಇಲ್ಲದ ಸಮ ಪಾಲು ತಪ್ಪು. ರೂಢಿಯಲ್ಲಿರೋದು 4 ವರ್ಷ, ಮೊದಲ 1 ವರ್ಷ ಕ್ಲಿಫ್, ಅಂದರೆ ಅದರೊಳಗೆ ಬಿಟ್ಟುಹೋದರೆ ಏನೂ ಸಿಗಲ್ಲ. ತಲಾ 3,000 ಶೇರು ಅನ್ನಿ. ಒಬ್ಬ 10ನೇ ತಿಂಗಳಲ್ಲಿ ಎಂಎಸ್‌ಗೆ ಹೊರಟರೆ ಅವನಿಗೆ ಸೊನ್ನೆ. 18ನೇ ತಿಂಗಳಲ್ಲಾದರೆ 1,125. ಉಳಿದವನ್ನು ಮಿಕ್ಕಿಬ್ಬರು ಮುಖಬೆಲೆಗೆ ಕೊಳ್ಳುವ ಹಕ್ಕು ಬರೆದಿಡಿ. ಕಂಪನಿ ಆದಾಗ ಇದೇ ಷರತ್ತು ಅದರ ಒಳನಿಯಮಾವಳಿಯಾದ ಆರ್ಟಿಕಲ್ಸ್‌ನಲ್ಲೂ ಬರಬೇಕು. ಬರೀ ಕರಾರಿನಲ್ಲಿದ್ದರೆ ಕಂಪನಿಗೆ ಅದು ಅಂಟುವುದಿಲ್ಲ ಅಂತ 1991ರ ರಂಗರಾಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇನ್ನೊಂದು ಗಣಿತ. ಆರ್ಟಿಕಲ್ಸ್ ತಿದ್ದಲು ವಿಶೇಷ ನಿರ್ಣಯ ಬೇಕು, ಅಂದರೆ ಬಿದ್ದ ಮತದಲ್ಲಿ ಶೇ. 75. ಇಬ್ಬರು ಸೇರಿದರೂ 66.67. ಮುನಿಸಿಕೊಂಡ ಮೂರನೆಯವನು ಒಬ್ಬನೇ ತಡೆಯಬಲ್ಲ.

ಕೋಥ್ರೂಡ್_ಕನ್ನಡಿಗ:
ಫ್ರೀಲ್ಯಾನ್ಸರ್‌ಗೆ ಪೂರ್ತಿ ದುಡ್ಡು ಕೊಟ್ಟಾಗಿದೆ. ಕೋಡ್ ನಮ್ಮದೇ ತಾನೇ?

ಪಾಷಾಣ್_ರಸ್ತೆ:
ಅಲ್ಲ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ನೌಕರ ಕೆಲಸದ ಭಾಗವಾಗಿ ಬರೆದದ್ದು ಮಾಲೀಕನದು. ಫ್ರೀಲ್ಯಾನ್ಸರ್ ನೌಕರನಲ್ಲ, ಲಿಖಿತ ಹಸ್ತಾಂತರ ಪತ್ರಕ್ಕೆ ಅವನ ಸಹಿ ಇರಲೇಬೇಕು. ಅದರಲ್ಲಿ ಅವಧಿ ಬರೆಯದಿದ್ದರೆ ಹಕ್ಕು 5 ವರ್ಷಕ್ಕಷ್ಟೇ, ಪ್ರದೇಶ ಬರೆಯದಿದ್ದರೆ ಭಾರತಕ್ಕಷ್ಟೇ. "ಕಾಪಿರೈಟ್‌ನ ಪೂರ್ತಿ ಅವಧಿಗೆ, ಇಡೀ ಜಗತ್ತಿಗೆ" ಅಂತ ಬಿಡಿಸಿ ಬರೆಸಿ. ಒಂದು ವರ್ಷ ಬಳಸದಿದ್ದರೂ ಹಕ್ಕು ರದ್ದಾಗಲ್ಲ ಅನ್ನೋ ಸಾಲೂ ಇರಲಿ.

ಲೆಕ್ಕದ_ಪುಸ್ತಕ:
ನೀವು ಮೂವರು ಬರೆದ ಕೋಡಿಗೂ ಮುಂದೆ ಕಂಪನಿ ಹೆಸರಿಗೆ ಇಂಥದ್ದೇ ಪತ್ರ ಬೇಕು. ಕಾಲೇಜಿನ ಲ್ಯಾಬ್ ಅಥವಾ ಅನುದಾನ ಬಳಸಿದ್ದರೆ ಅವರ ಐಪಿ (ಬೌದ್ಧಿಕ ಆಸ್ತಿ) ನಿಯಮ ಓದಿ. ಡೊಮೇನ್, ಪ್ಲೇ ಸ್ಟೋರ್ ಖಾತೆ ಯಾರ ಮೇಲ್ ಐಡಿಯಲ್ಲಿದೆ?